ಅಂತರಿಕ್ಷದಲ್ಲಿ ಎರಡು ಅರಸು ಮನೆತನಗಳ ಜಗಳ: ಇಂಥ ಕಾದಂಬರಿ ಬರೆದರೆ ನಮ್ಮವರು ನಂಬುತ್ತಾರಾ?

ನಂಬುತ್ತಾರೆ. ಆದರೆ ನೀವು ಬರೆದ ಹಾಗೆ ಎರಡು ಮನೆ ಇಡೀ ಗ್ರಹಕ್ಕಾಗಿ ಹೊಡೆದಾಡುವುದು ಬೇಡ. ಮುಳುಗುತ್ತಿರುವ ಸಮಾಜದಲ್ಲಿ ದೊಡ್ಡ ಮನೆಗಳ ಜಗಳ ಮರ್ಯಾದೆಗೆ.

ನಾನು ಕಾಸರಗೋಡಿನ ಕುಂಬಳೆ ಕಡೆಯವನು. ಇಲ್ಲಿ ಕೋಲದಲ್ಲಿ, ಅಂದರೆ ಮನುಷ್ಯನ ಮೈಮೇಲೆ ದೈವ ಬರುವ ರಾತ್ರಿಯ ಆರಾಧನೆಯಲ್ಲಿ, ದೈವ ಗುತ್ತಿನ ಮನೆಯವರನ್ನು (ಊರಿನ ದೊಡ್ಡ ಭೂಮಾಲೀಕ ಮನೆತನದವರನ್ನು) ಒಬ್ಬೊಬ್ಬರನ್ನಾಗಿ ಕರೆದು ಬೂಳ್ಯ ಅನ್ನುವ ಪ್ರಸಾದ ಕೊಡುತ್ತದೆ. ಕೈಗೆ ಬರುವುದು ವೀಳ್ಯದೆಲೆ, ಅಡಿಕೆ, ಅಷ್ಟೇ. ಯಾರಿಗೆ ಮೊದಲು ಅನ್ನುವುದೇ ಮುಖ್ಯ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಗಿ ಗದ್ದೆಗಳು ಒಕ್ಕಲುಗಳ ಪಾಲಾದ ಮೇಲೆ ಎಷ್ಟೋ ಗುತ್ತುಗಳಿಗೆ ಉಳಿದದ್ದು ಚಾವಡಿ, ಸೋರುವ ಮಾಡು, ಮತ್ತೆ ಆ ಸರದಿ. ನಾನು ಕಂಡ ಹಾಗೆ ಹಟ ಕಮ್ಮಿಯಾಗಲಿಲ್ಲ, ಜಾಸ್ತಿಯೇ ಆಯಿತು.

ಇನ್ನು ಅಳಿಯಸಂತಾನ ಕಟ್ಟನ್ನು ಬಿಡಲೇಬೇಡಿ. ಅದರಲ್ಲಿ ಮಗ ತಾಯಿಯ ಮನೆತನದವನು, ಯಜಮಾನಿಕೆ ಹೋಗುವುದು ಸೋದರಳಿಯನಿಗೆ. ಈಗ ಲೆಕ್ಕ ಹಾಕಿ: ರಾಜಿಗಾಗಿ ವೈರಿ ಮನೆಯ ಹುಡುಗಿಯನ್ನು ಮದುವೆಯಾದ ಯಜಮಾನನ ಸ್ವಂತ ಮಗ ನಾಳೆ ಆ ವೈರಿ ಮನೆಗೇ ಯಜಮಾನ. ಅಪ್ಪ ಸೋಲಿಸಬೇಕಾದದ್ದು ಮಗನನ್ನು, ಗೆಲ್ಲಿಸಬೇಕಾದದ್ದು ತಂಗಿಯ ದಡ್ಡ ಮಗನನ್ನು. ಖಳನಾಯಕನೇ ಬೇಡ! (ಕೇರಳದಲ್ಲಿ ಈ ಕೂಡುಕುಟುಂಬದ ಆಸ್ತಿ ಹಕ್ಕು 1976ರ ಡಿಸೆಂಬರಿಗೆ ಕಾನೂನಿನಲ್ಲಿ ಮುಗಿಯಿತು.)

ಅಂತರಿಕ್ಷದಲ್ಲಿ ಬದುಕುವಷ್ಟು ಮುಂದುವರಿದವರಿಗೆ ಅರಸರು ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೂರ್ಯನಿಗೆ ತೀರ ಹತ್ತಿರದ ನಕ್ಷತ್ರದಿಂದ ಬೆಳಕು ಇಲ್ಲಿಗೆ ಬರಲಿಕ್ಕೇ 4.2 ವರ್ಷ ಬೇಕು. ರಾಜಧಾನಿಗೆ ದೂರು ಕಳಿಸಿ ಉತ್ತರ ಬರುವಾಗ ಎಂಟು ವರ್ಷ ದಾಟಿರುತ್ತದೆ, ಅಷ್ಟರವರೆಗೆ ಊರಿನ ದೊಡ್ಡ ಮನೆ ಹೇಳಿದ್ದೇ ಕಾನೂನು. ಬೆಳಕಿಗಿಂತ ವೇಗದ ಹಡಗು ಮಾತ್ರ ತರಬೇಡಿ.

ನಿಮ್ಮ ಕಥೆಯಲ್ಲಿ ಕೆಳಗಿನವರು ಸುಮ್ನೆ ಸಾಯಲಿಕ್ಕೆ ಇದ್ದಾರೆ, ಅಲ್ವಾ? ಕೋಲದ ರಾತ್ರಿ ದೈವ ಕಟ್ಟಿದವರು ಬೈದರೂ ಯಜಮಾನ ಕೈಮುಗಿದು ಕೇಳಬೇಕು. ಬೆಳಗಾದರೆ ದೈವ ಕಟ್ಟಿದ ಅದೇ ಮನುಷ್ಯ, ಕೆಳಜಾತಿಯವನು ಅಂತ, ಯಜಮಾನನ ಚಾವಡಿ ಹತ್ತುವ ಹಾಗಿರಲಿಲ್ಲ. ನಿಮ್ಮ ಕಥೆಯ ಅಂತರಿಕ್ಷ ನಿಲ್ದಾಣದಲ್ಲಿ ಆಮ್ಲಜನಕದ ಯಂತ್ರ ರಿಪೇರಿ ಮಾಡುವವಳನ್ನು ಆ ಜಾಗದಲ್ಲಿಡಿ. ಹೊಸ ಬಿಡಿಭಾಗ ಮಾಡುವ ವಿದ್ಯೆ ಯಾರಿಗೂ ನೆನಪಿಲ್ಲ, ಹಾಗಾಗಿ ಒಂದು ಮನೆಯ ಯಂತ್ರ ಕಳಚಿ ಇನ್ನೊಂದು ಮನೆಯದನ್ನು ಓಡಿಸಬೇಕು. ಯಾವ ಮನೆಯದನ್ನು ಕಳಚುವುದು? ಅವಳೇ ಹೇಳಬೇಕು.

ಯುದ್ಧದಿಂದ ಶುರು ಮಾಡಬೇಡಿ. ಮತ್ತೆ ನಿಮ್ಮ ಪಾತ್ರಗಳ ಬಾಯಲ್ಲಿ ತಿರುಗದ ಹೆಸರುಗಳನ್ನು ಒಮ್ಮೆ ಬದಲಾಯಿಸಿ ಮಾರಾಯ್ರೆ.