ಲೆಕ್ಕವಿಲ್ಲದ ಹಣ, ಹಂಚಿದವರ ತಲೆಗೆ

ಪ್ರತಿ ಚುನಾವಣೆ ಮುಗಿದ ಕೆಲವು ತಿಂಗಳಿಗೆ ಒಂದೇ ಬಗೆಯ ದೂರು ಹೊತ್ತ ಗಂಡಸರು, ಹೆಚ್ಚಾಗಿ ಹೆಂಡತಿಯ ಒತ್ತಾಯಕ್ಕೆ ಮಣಿದು, ನನ್ನ ಆಪ್ತಸಲಹಾ ಕೊಠಡಿಗೆ ಬರುತ್ತಾರೆ. ನಿದ್ದೆ ಬರುವುದಿಲ್ಲ, ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಸಂತೆಯ ದಿನ ಪೇಟೆಗೆ ಇಳಿಯಲು ಮನಸ್ಸಿಲ್ಲ. ಇವರಲ್ಲಿ ಯಾರೂ ಅಭ್ಯರ್ಥಿಗಳಲ್ಲ.

ಗುರುತು ಸಿಗದಂತೆ ವಿವರ ಬದಲಿಸಿ ಒಬ್ಬರ ವಿಷಯ ಬರೆಯುತ್ತೇನೆ. ಅವರು ಕೊಡಗಿನ ಸಣ್ಣ ಕಾಫಿ ಬೆಳೆಗಾರರು. ಮತದಾನಕ್ಕೆ ಮುನ್ನ ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ವೋಟಿನ ಹಣದ ಕವರ್ ತಲುಪಿಸುವ ಹೊಣೆ ಅವರ ಪಾಲಿಗೆ ಬಂದಿತ್ತು. ಅಭ್ಯರ್ಥಿ ಸೋತರು, ಕೆಲವು ಮನೆಯವರು ತಮಗೆ ಹಣ ಬರಲಿಲ್ಲವೆಂದರು, ನಡುವೆ ಇವರೇ ಉಳಿಸಿಕೊಂಡರೆಂಬ ಮಾತು ಹುಟ್ಟಿತು. ಹೆಂಡತಿಯ ಚಿನ್ನ ಅಡವಿಟ್ಟು, ತಲುಪಲಿಲ್ಲವೆಂದ ಹಣದ ಅರ್ಧದಷ್ಟನ್ನು ಕೈಯಿಂದ ಕಟ್ಟಿದ್ದರು; ರೊಬಸ್ಟಾಕ್ಕೆ ನೀರು ಹಾಯಿಸುವ ಕಾಲ ಬಂದಾಗ ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್‌ಗೂ ಹಣವಿರಲಿಲ್ಲ.

ದಂಪತಿ ಒಟ್ಟಿಗೆ ಕುಳಿತ ದಿನ ಹೆಂಡತಿ ಕೇಳಿದರು: “ನೀವು ಮುಟ್ಟಿಲ್ಲ ಅಂದ್ಮೇಲೆ ಯಾಕೆ ಕಟ್ಟಿದ್ರಿ?”

“ರಸೀದಿ ಇದ್ದಿದ್ರೆ ತೋರಿಸ್ತಿದ್ದೆ. ಕಟ್ಟಿದ್ರೆ ಬಾಯಿ ಮುಚ್ತಾರೆ ಅಂದ್ಕೊಂಡೆ.”

“ಈಗ ಅವರು ಏನು ಹೇಳ್ತಿದ್ದಾರೆ ಗೊತ್ತಾ? ತಿಂದಿದ್ದಕ್ಕೇ ಕಟ್ಟಿದ ಅಂತ.”

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ದೇವಸ್ಥಾನದಲ್ಲಿ ಆಣೆ ಮಾಡಲು ತಮ್ಮನ್ನು ಕರೆದಿರುವುದನ್ನೂ, ತಾವು ಒಪ್ಪಿರುವುದನ್ನೂ ಮೊದಲ ಬಾರಿಗೆ ಹೇಳಿದರು. ವೋಟಿಗೆ ಹಣ ಹಂಚುವುದರಲ್ಲಿ ಪ್ರಾಮಾಣಿಕನಾಗಿದ್ದೆ ಎಂದು ದೇವರೆದುರು ಹೇಳುತ್ತೀರಾ ಎಂದು ನಾನು ಕೇಳಿದೆ. ಪ್ರಶ್ನೆ ಕಠಿಣವಾಗಿತ್ತು, ಆದರೆ ಕೇಳದೆ ಬಿಡುವಂತಿರಲಿಲ್ಲ. ಅವರ ಸಂಕಟ ಕಳೆದುಹೋದ ಹಣದ್ದೆಂದು ಅದುವರೆಗೆ ಮನೆಯವರೆಲ್ಲರೂ ನಂಬಿದ್ದರು.

ವಿಧಾನಸಭೆಯ ಅಭ್ಯರ್ಥಿಗೆ ನಮ್ಮ ರಾಜ್ಯದಲ್ಲಿ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಲೆಕ್ಕ ಇಟ್ಟು, ಫಲಿತಾಂಶ ಬಂದ 30 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ಪಕ್ಷದ ಸಾಮಾನ್ಯ ಪ್ರಚಾರಕ್ಕಂತೂ ಮಿತಿಯೇ ಇಲ್ಲ. ಕವರಿನ ಹಣ ಈ ಯಾವ ಪುಸ್ತಕಕ್ಕೂ ಬರುವುದಿಲ್ಲ. ಹೀಗಾಗಿ ಅದರ ಕೊರತೆಗೆ ನ್ಯಾಯ ಕೇಳುವ ಜಾಗವೂ ಇರುವುದಿಲ್ಲ, ಕೊನೆಯಲ್ಲಿ ಅದನ್ನು ಕೈಯಲ್ಲಿ ಹಿಡಿದವನೇ ಕಳ್ಳನಾಗುತ್ತಾನೆ.

ನಾನು ಕೊಟ್ಟ ಸಲಹೆ ಇಷ್ಟು: ಇನ್ನು ಒಂದು ರೂಪಾಯಿಯನ್ನೂ ಕಟ್ಟಬೇಡಿ, ಸಾಲದ ಪೂರ್ತಿ ಮೊತ್ತವನ್ನು ಹೆಂಡತಿಗೆ ಈ ವಾರವೇ ಹೇಳಿ, ಆಣೆಗೆ ಹೋಗಬೇಡಿ, ಮತಕ್ಕಾಗಿ ಹಣ ಕೊಡುವುದೂ ಪಡೆಯುವುದೂ ಒಂದು ವರ್ಷದವರೆಗೆ ಸೆರೆವಾಸವಿರುವ ಅಪರಾಧವಾದ್ದರಿಂದ, ಹಣ ಹಂಚಿದ ಮನೆಮನೆಯ ಹೆಸರಿರುವ ನಿಮ್ಮ ಡೈರಿಯನ್ನು ಸುಡದೆ ಮೊದಲು ವಕೀಲರನ್ನು ಕಾಣಿ.

ದೂರು ಕೊಡಲು ಏಕೆ ಹೇಳಲಿಲ್ಲವೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ದೂರು ಕೊಡುವ ದಾರಿಯನ್ನೂ ಅದರ ಅಪಾಯವನ್ನೂ ನಾನು ತಿಳಿಸಿದ್ದೆ, ನಿರ್ಧಾರ ಅವರದು. ನಿದ್ದೆಗೆಟ್ಟು ಬಂದವನನ್ನು ಸಾಕ್ಷಿಯಾಗಿಸುವುದು ಸಲಹಾಕೊಠಡಿಯ ಕೆಲಸವೆಂದು ನಾನು ಈಗಲೂ ಒಪ್ಪುವುದಿಲ್ಲ. ಅವರು ವಕೀಲರನ್ನು ಕಂಡಿದ್ದಾರೆ, ಚಿನ್ನ ಇನ್ನೂ ಅಡವಿನಲ್ಲಿದೆ. ಮುಂದಿನ ಚುನಾವಣೆಯ ಬೂತ್ ಸಭೆಗೆ ಕರೆ ಬಂದಾಗ ಫೋನ್ ಎತ್ತಿದ್ದು ಹೆಂಡತಿ.