ಭೂಕಂಪ ಎಲ್ಲಿ ಆಯಿತು, ಎಷ್ಟು ದೊಡ್ಡದು ಅಂತ ಹೇಗೆ ಕಂಡುಹಿಡಿಯುತ್ತಾರೆ?

ಮಿಂಚಿದ ಎಷ್ಟು ಹೊತ್ತಿಗೆ ಗುಡುಗಿತು ಅಂತ ಎಣಿಸಿ ದೂರ ಅಂದಾಜು ಮಾಡುತ್ತೇವೆ ಅಲ್ವಾ? ಇಲ್ಲೂ ಅದೇ ಉಪಾಯ. ಭೂಕಂಪದಿಂದ ಹೊರಡುವ ಅಲೆಗಳಲ್ಲಿ ‘ಪಿ’ ಮೊದಲು ತಲುಪುತ್ತದೆ, ‘ಎಸ್’ ಹಿಂದೆ ಬೀಳುತ್ತದೆ. ಹತ್ತಿರದ ಕಂಪನವಾದರೆ ಇವೆರಡರ ನಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿ.ಮೀ. ದೂರ. ಆದರೆ ದೂರ ಗೊತ್ತಾದರೆ ಸಾಲದು, ದಿಕ್ಕೂ ಬೇಕು. ಅದಕ್ಕೇ ಅಲೆಗಳನ್ನು ದಾಖಲಿಸಿದ ಕನಿಷ್ಠ ಮೂರು ಕೇಂದ್ರಗಳ ಸುತ್ತ, ಆಯಾ ದೂರದಷ್ಟೇ ತ್ರಿಜ್ಯದ ವೃತ್ತ ಎಳೆಯುತ್ತಾರೆ. ಅವು ಕೂಡುವ ಜಾಗದಲ್ಲೇ ಭೂಕಂಪ. ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಆಳವನ್ನೂ ಸೇರಿಸಿ.

ಸುದ್ದಿಯಲ್ಲಿ ಈಗಲೂ ‘ರಿಕ್ಟರ್’ ಅನ್ನುತ್ತಾರೆ. ಅದು 1935ರ ಮಾಪಕ, ದೊಡ್ಡ ಭೂಕಂಪಗಳಿಗೆ ಸಾಲುವುದಿಲ್ಲ. ಅವಕ್ಕೆ ಬಳಸುವುದು ಮೊಮೆಂಟ್ ಮ್ಯಾಗ್ನಿಟ್ಯೂಡ್: ಬಿರುಕಿನ ವಿಸ್ತಾರ, ಬಂಡೆ ಜಾರಿದ ದೂರ, ಬಂಡೆಯ ಗಟ್ಟಿತನ ಇವುಗಳ ಲೆಕ್ಕ. ಒಂದು ಅಂಕ ಜಾಸ್ತಿಯಾದರೆ ಶಕ್ತಿ ಸುಮಾರು 32 ಪಟ್ಟು!