ಆಪ್ತಸಲಹೆ ಪ್ರಕರಣ: ಒಲೆಗಿಂತ ಮೊದಲು ಲೆಕ್ಕ ಬೇರೆಯಾಗಲಿ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ಮಂಡ್ಯ ತಾಲ್ಲೂಕಿನ ಕೂಡುಕುಟುಂಬ. ಅತ್ತೆ, ಮಾವ, ಬಾವನ ಸಂಸಾರ, ಕಿರಿಮಗನ ಸಂಸಾರ, ಎಲ್ಲರಿಗೂ ಒಂದೇ ಒಲೆ. ಬಂದವರು ಕಿರಿಸೊಸೆ, ಗಾರ್ಮೆಂಟ್ಸ್ ಕೆಲಸ, ಸಂಬಳ 13,000. ಗಂಡ ಗೂಡ್ಸ್ ಆಟೊ ಓಡಿಸಿ ಸುಮಾರು 14,000 ತರುತ್ತಾರೆ. "ನಮ್ಮನ್ನ ಬ್ಯಾರೆ ಇಟ್ಬುಡಿ ಮೇಡಂ, ಇನ್ನೇನೂ ಬ್ಯಾಡ" ಎಂಬುದೊಂದೇ ಮಾತು.

ಮಂಡ್ಯ ಪೇಟೆಯಲ್ಲಿ ಬೇರೆ ಮನೆ ಮಾಡಿದರೆ ಏನಾಗುತ್ತದೆ ಎಂದು ಅವರ ಕೈಯಲ್ಲೇ ಬರೆಸಿದೆವು. ಬಾಡಿಗೆ 6,000, ಕರೆಂಟು, ನೀರು 800, ದಿನಸಿ, ಹಾಲು, ಗ್ಯಾಸು 7,500, ಸಂಜೆ ಮಗು ನೋಡಿಕೊಳ್ಳುವವರಿಗೆ 2,500, ಆಟೊ ಕಂತು 7,200. ಒಟ್ಟು 24,000. ಉಳಿಯುವುದು 3,000, ಅದರಲ್ಲೇ ಕಾಯಿಲೆ, ಹಬ್ಬ, ಸ್ಕೂಲು. ಮನೆಯ ಅಡ್ವಾನ್ಸಿಗೆ ಹಣವೇ ಇಲ್ಲ. ಈಗ ರಾಗಿ, ಹಾಲು, ಕಾಯಿ ಮನೆಯದೇ; ಮಗು ಅಜ್ಜಿಯ ಮಡಿಲಲ್ಲಿದೆ. ಕೂಡಿ ಬಾಳುವುದರ ಈ ಬೆಲೆ ಬೇರೆ ಹೋದ ಮೇಲೇ ಕಾಣುವುದು.

ಹಾಗಂತ ಅವರ ನೋವು ಸುಳ್ಳಲ್ಲ. ಸಂಬಳದಲ್ಲಿ 9,000 ಮನೆಗೆ ಕೊಡುತ್ತಾರೆ, ಲೆಕ್ಕ ಕೇಳುವಂತಿಲ್ಲ. ಪ್ಲಾಸ್ಟಿಕ್ ಕವರಿನಿಂದ ಅವರು ತೆಗೆದ ಅಡವಿನ ಚೀಟಿಯಲ್ಲಿ ಬಳೆ 2, ಸರ 1, ತೂಕ 58.4 ಗ್ರಾಂ ಎಂದಿತ್ತು. ತವರಿನವರು ಹಾಕಿದ ಒಡವೆ. ನಾದಿನಿಯ ಮದುವೆಗೆ 1,80,000ಕ್ಕೆ ಅಡವಿಟ್ಟದ್ದು ಬಾವನ ಹೆಸರಲ್ಲಿ. ಸ್ತ್ರೀಧನ ಸೊಸೆಯದೇ ಆದರೂ ಬ್ಯಾಂಕು ಒಡವೆ ಕೊಡುವುದು ಅಡವಿಟ್ಟವರ ಕೈಗೆ. ಬಡ್ಡಿ ನಿಂತರೆ ಹರಾಜಿನ ನೋಟಿಸೂ ಅವರಿಗೇ.

ಇನ್ನು ಜಮೀನು: ಪಿತ್ರಾರ್ಜಿತ 3 ಎಕರೆ 8 ಗುಂಟೆ, ಪಹಣಿ ಮಾವನ ಹೆಸರಲ್ಲಿ. ಅಣ್ಣತಮ್ಮಂದಿರು ಎರಡು ಪಾಲು ಅಂದುಕೊಂಡಿದ್ದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಸಮಪಾಲು. ಮದುವೆಗೆ ಖರ್ಚಾಯಿತೆಂದು ಅದು ತಪ್ಪದು. ಮಾವ, ಇಬ್ಬರು ಗಂಡುಮಕ್ಕಳು, ಮಗಳು ಎಂದರೆ ತಲಾ 32 ಗುಂಟೆ. ಅತ್ತೆಯ ಹಕ್ಕನ್ನು ವಕೀಲರೇ ನೋಡಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.

ಎಲ್ಲರನ್ನೂ ಕೂರಿಸಿ ಹೇಳಿದ್ದಿಷ್ಟು. ಮೊದಲು ಒಡವೆ. ಕಬ್ಬಿನ ಬಿಲ್ಲು ಬಂದಾಗ ಮನೆ ಹಣದಿಂದಲೇ ಬಿಡಿಸಿ ಸೊಸೆಯ ಕೈಗೆ ಕೊಡಬೇಕು. ಮತ್ತೆ ಅಡವಿಡುವುದಾದರೆ ಅವರ ಹೆಸರಲ್ಲೇ. ಕಬ್ಬು ಕೊಟ್ಟ 14 ದಿನಕ್ಕೆ ದುಡ್ಡು ಬರಬೇಕೆಂಬ ನಿಯಮವಿದೆ, ಆದರೂ ತಡವಾಗುವುದುಂಟು. ಆದ್ದರಿಂದ ತಾರೀಖು ನಂಬಿ ಕೂರದೆ, ಅಲ್ಲಿಯವರೆಗೆ ತಿಂಗಳ ಬಡ್ಡಿಯನ್ನು ಅಣ್ಣತಮ್ಮಂದಿರು ಸಮನಾಗಿ ಕಟ್ಟಬೇಕು. ಸಂಬಳ ಸೊಸೆಯ ಖಾತೆಯಲ್ಲೇ ಇರಲಿ. ಮನೆಗೆ 6,000, ಪುಸ್ತಕದಲ್ಲಿ ಬರೆದು. 2,000 ಅಂಚೆ ಕಚೇರಿಯ ಆರ್‌ಡಿಗೆ. ಅತ್ತೆಗೆ ಬರುವ ಗೃಹಲಕ್ಷ್ಮಿಯ 2,000 ಕೇಳಬೇಡಿ ಎಂದೂ ಹೇಳಿದೆವು. ದಿನವಿಡೀ ಮಗು ನೋಡಿಕೊಳ್ಳುವ ಆ ಹಿರಿಯರ ಕೈಯಲ್ಲಿ ಸ್ವಂತದ್ದೆಂದು ಇರುವುದು ಅದೊಂದೇ.

ಮುಂದೆ ಬೇರೆ ಹೋಗುವುದೇ ಆದರೆ ಬಾಯಿಮಾತಿನ ಪಾಲು ಬೇಡ, ವಿಭಾಗ ಪತ್ರ ನೋಂದಣಿಯಾಗಬೇಕು. ಸಾಲಗಳ ಪಾಲೂ ಅದರಲ್ಲಿರಲಿ. ಹೊಸ ರೇಷನ್ ಕಾರ್ಡಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸದೆ ಹಳೆಯದರಿಂದ ಹೆಸರು ತೆಗೆಸಬಾರದು, ಅಕ್ಕಿಯೂ ನಿಂತುಹೋದೀತು.

ಒಡವೆಯ ಮಾತಿಗೆ ಬಾವ ಒಪ್ಪಿದ್ದಾರೆ, ಪುಸ್ತಕಕ್ಕೆ ಇನ್ನೂ ಇಲ್ಲ. ಮುಂದಿನ ಭೇಟಿಗೆ ಪಹಣಿ, ವಂಶವೃಕ್ಷ, ಅಡವಿನ ಚೀಟಿ ತರಲು, ನಾದಿನಿಯನ್ನೂ ಕರೆತರಲು ತಿಳಿಸಿದ್ದೇವೆ.